ನೀರೊಳಗಿನ ವಾಹನ ಸರಿಯಾಗಿ ಓಡುತ್ತಿಲ್ಲವೇ? ಮೊದಲು ಟೆದರ್ ನೋಡಿ

ಮನೆಯಲ್ಲೇ ಮಾಡಿದ ಆರ್‌ಒವಿ (ದಡದಲ್ಲಿ ನಿಂತು ಕೇಬಲ್ ಮೂಲಕ ಓಡಿಸುವ, ಒಳಗೆ ಜನರಿಲ್ಲದ ನೀರೊಳಗಿನ ವಾಹನ) ನೀರಿಗಿಳಿದ ಮೇಲೆ ತೊಂದರೆ ಕೊಟ್ಟರೆ ಸಾಮಾನ್ಯವಾಗಿ ಎಲ್ಲರೂ ಮೊದಲು ಬಿಚ್ಚುವುದು ಮೋಟಾರನ್ನು. ಆಮೇಲೆ ಕಂಟ್ರೋಲರ್, ಆಮೇಲೆ ಕ್ಯಾಮೆರಾ. ದಡದಿಂದ ವಾಹನಕ್ಕೆ ಹೋಗುವ ಕೇಬಲ್, ಅಂದರೆ ಟೆದರ್ ಮಾತ್ರ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಅದರ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಮೂತಿ ಎತ್ತುವುದು, ಒಂದೇ ಕಡೆ ತಿರುಗುವುದು, ವಿಡಿಯೊ ನಿಲ್ಲುವುದು, ಎಲೆಕ್ಟ್ರಾನಿಕ್ಸ್ ಇರುವ ಡಬ್ಬಿಯೊಳಗೆ ನೀರು ಬರುವುದು, ಈ ನಾಲ್ಕೂ ಟೆದರ್‌ನಿಂದಲೇ ಬರಬಹುದು. ಅದನ್ನು ಪರೀಕ್ಷಿಸಲು ಏನನ್ನೂ ಬಿಚ್ಚಬೇಕಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಸಾಮಾನ್ಯ ಜೋಡಣೆ. 30 ಮೀಟರ್ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್, ಅದರ ಮೇಲೆ ಪೊಳ್ಳು ಹೆಣಿಗೆಯ ಪಾಲಿಪ್ರೊಪಿಲೀನ್ ಹಗ್ಗದ ಸ್ಲೀವ್, ಒಳಗೆ ತೇಲಿಸಲು ಫೋಮ್ ಥರದ ಏನಾದರೊಂದು. ಬ್ಯಾಟರಿ ವಾಹನದಲ್ಲೇ ಇದೆ. ಕೃಷಿ ಹೊಂಡ, ತೆರೆದ ಬಾವಿ, ಕೆರೆ, ಹಳೆಯ ಕಲ್ಲುಕ್ವಾರಿ, ಹೀಗೆ 10-15 ಮೀಟರ್ ಆಳದ ತನಕ ಕೆಲಸ. ಇಂಥ ಕಡೆಗೆ ಒಬ್ಬರೇ ಹೋಗಬೇಡಿ. ಮನೆಯ ಕರೆಂಟನ್ನು ಟೆದರ್‌ಗೆ ಕೊಡುವುದಂತೂ ಬೇಡವೇ ಬೇಡ.

ಮೊದಲು ತೂಕ

ಟೆದರ್ ತೇಲುತ್ತಾ ಮುಳುಗುತ್ತಾ ಎಂದು ಕಣ್ಣಲ್ಲಿ ನೋಡಿ ತೀರ್ಮಾನಿಸಬೇಡಿ. ಮೀಟರಿಗೆ ಎಷ್ಟು ಗ್ರಾಂ ಎಂದು ತಿಳಿಯಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

10 ಮೀಟರ್ ಕೇಬಲನ್ನು ಸಣ್ಣ ಸುರುಳಿ ಸುತ್ತಿ ಒಣಗಿದ್ದಾಗಲೇ ತೂಗಿ. ಆಮೇಲೆ ಅಗಲ ಬಾಯಿಯ ಪಾತ್ರೆಗೆ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಸುರುಳಿಯನ್ನು ದಾರದಲ್ಲಿ ಕಟ್ಟಿ ಕೈಯಲ್ಲಿ ಹಿಡಿದುಕೊಂಡೇ ನೀರೊಳಗೆ ಪೂರ್ತಿ ಇಳಿಸಿ. ತಳಕ್ಕೂ ಗೋಡೆಗೂ ತಾಗಬಾರದು. ಕೇಬಲಿನ ಎರಡೂ ತುದಿ ನೀರಿನ ಮೇಲಿರಲಿ. ತಕ್ಕಡಿ ಈಗ ತೋರಿಸುವುದು ಕೇಬಲ್ ತಳ್ಳಿದ ನೀರಿನ ತೂಕ. ಒಣ ತೂಕದಿಂದ ಅದನ್ನು ಕಳೆದರೆ ನೀರೊಳಗಿನ ತೂಕ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಒಣ ತೂಕ 320 ಗ್ರಾಂ, ತಳ್ಳಿದ ನೀರು 210 ಗ್ರಾಂ. ಉಳಿಯುವುದು 110. ಅಂದರೆ ಮೀಟರಿಗೆ 11 ಗ್ರಾಂ ಮುಳುಗುವ ತೂಕ. 30 ಮೀಟರಿಗೆ 330 ಗ್ರಾಂ. ನಾಲ್ಕೈದು ಕೆ.ಜಿ.ಯ ವಾಹನವನ್ನು ನೀವು ಹತ್ತಿಪ್ಪತ್ತು ಗ್ರಾಂ ಲೆಕ್ಕದಲ್ಲಿ ಸಮತೋಲನ ಮಾಡಿರುತ್ತೀರಿ. ಅದಕ್ಕೆ 330 ಗ್ರಾಂ ಜೋತುಬಿದ್ದರೆ ಏನಾಗುತ್ತದೆ ಎಂದು ಯೋಚಿಸಿ.

ಇದೇ ಕ್ರಮದಲ್ಲಿ ತೇಲುವ ವಸ್ತುವನ್ನೂ ಅಳೆಯಬಹುದು. ಸಣ್ಣ ತಂತಿಯಿಂದ ಅದನ್ನು ನೀರೊಳಗೆ ಒತ್ತಿ ಹಿಡಿಯಿರಿ. ತಕ್ಕಡಿಯ ಅಂಕಿಯಲ್ಲಿ ಅದರ ಒಣ ತೂಕ ಕಳೆದರೆ ಎತ್ತುವ ಶಕ್ತಿ ಗೊತ್ತಾಗುತ್ತದೆ.

ನಿಮ್ಮ ಕೇಬಲ್ 10 ಮೀಟರಿಗೆ 320 ಗ್ರಾಂ ಇರಬೇಕಾದ ಕಡೆ 220-250 ಗ್ರಾಂ ಮಾತ್ರ ಇದ್ದರೆ ಖುಷಿಪಡಬೇಡಿ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಹಗುರ ಹೌದು. ಆದರೆ ರೋಧ ಸುಮಾರು ಒಂದೂವರೆ ಪಟ್ಟು ಜಾಸ್ತಿ, ನಾಲ್ಕು ಸಲ ಮಡಚಿದರೆ ಒಳಗೇ ತುಂಡಾಗುತ್ತದೆ, ನೀರು ತಾಗಿದರೆ ಬೇಗ ಕೊರೆದುಹೋಗುತ್ತದೆ. ಟೆದರ್‌ಗೆ ಅದು ಬೇಡ.

ಪಾಲಿಪ್ರೊಪಿಲೀನ್ ಹಾಕಿದರೂ ಮುಳುಗುತ್ತಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. "ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದಲ್ವಾ, ಹಾಗಿದ್ದರೆ ಕೇಬಲನ್ನೂ ತೇಲಿಸಬೇಕು" ಎಂಬ ನಂಬಿಕೆ ಇದರ ಮೂಲ. ನೀರಿನ ಸಾಂದ್ರತೆ 1 ಎಂದರೆ ಪಾಲಿಪ್ರೊಪಿಲೀನ್ ಸಾಂದ್ರತೆ 0.91. ನೀರಿಗಿಂತ ಸ್ವಲ್ಪವೇ ಹಗುರ. ಹಾಗಾಗಿ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟನ್ನು ಮಾತ್ರ ಎತ್ತಬಲ್ಲದು. ಮೀಟರಿಗೆ 40 ಗ್ರಾಂ ತೂಗುವ ಹಗ್ಗ ಎತ್ತುವುದು 4 ಗ್ರಾಂ. ಕೇಬಲ್ ಕೇಳುತ್ತಿರುವುದು 11 ಗ್ರಾಂ. ಇನ್ನೂ 7 ಗ್ರಾಂ ಬೇರೆ ಕಡೆಯಿಂದ ಬರಬೇಕು.

ಸ್ಲೀವಿನ ನಿಜವಾದ ಕೆಲಸ ಕಲ್ಲಿನ ಉಜ್ಜಾಟದಿಂದ ಕೇಬಲನ್ನು ಕಾಯುವುದು ಮತ್ತು ಎಳೆತವನ್ನು ತಾನು ಹೊರುವುದು. ತೇಲಿಸುವ ಕೆಲಸವನ್ನೂ ಅದರ ತಲೆಗೆ ಕಟ್ಟಬಾರದು.

ಇನ್ನು ಹಗ್ಗವೇ ಮುಳುಗುತ್ತಿದ್ದರೆ ಅದು ಪಾಲಿಪ್ರೊಪಿಲೀನ್ ಅಲ್ಲ. ಅಂಗಡಿಗಳಲ್ಲಿ ಹೆಣೆದ ಹಗ್ಗಕ್ಕೆಲ್ಲ ನೈಲಾನ್ ಎಂದೇ ಹೇಳುವುದುಂಟು. ಹೆಸರು ನೋಡದೆ ಒಂದು ತುಂಡನ್ನು ಲೋಟದ ನೀರಿಗೆ ಹಾಕಿ, ಬೆರಳಲ್ಲಿ ಹಿಂಡಿ ಗಾಳಿ ಬಿಡಿಸಿ. ನೈಲಾನಿನ ಸಾಂದ್ರತೆ 1.14, ಪಾಲಿಯೆಸ್ಟರ್ 1.38. ಎರಡೂ ತಳ ಸೇರುತ್ತವೆ.

ಮೊದಲು ತೇಲಿ, ಅರ್ಧ ಗಂಟೆಗೆ ಮುಳುಗುತ್ತದೆ

ಹೊಸ ಸ್ಲೀವನ್ನು ನೀರಿಗೆ ಬಿಟ್ಟಾಗ ಹೆಣಿಗೆಯ ಸಂದಿಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅದೇ ಟೆದರನ್ನು ತೇಲಿಸುತ್ತದೆ. ವಾಹನ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಗುಳ್ಳೆಗಳು ಹೋಗುತ್ತವೆ, ಟೆದರ್ ಜೊಂಡಿನ ಮೇಲೆ ಮಲಗುತ್ತದೆ. ಆದ್ದರಿಂದ ಒಣ ಟೆದರನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ರಾತ್ರಿಯಿಡೀ ಡ್ರಮ್ಮಿನಲ್ಲಿ ನೆನೆಹಾಕಿ. ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಗುಳ್ಳೆ ಬೇಗ ಬಿಡುತ್ತದೆ. ಬೆಳಿಗ್ಗೆ ಸ್ಲೀವನ್ನು ಕೈಯಲ್ಲಿ ನೀವುತ್ತಾ ಬಂದು ಆಮೇಲೆ ತೇಲುವಿಕೆ ನೋಡಿ.

ನೆನೆಸಿದ ಟೆದರನ್ನು ಹೊರತೆಗೆದು, ನೀರು ಸೋರಿದ ಮೇಲೆ ಮೀಟರ್ ಮೀಟರ್ ಹಿಡಿದು ನೋಡಿ. ಒಂದು ಕಡೆ ಮಾತ್ರ ಭಾರವಾಗಿದ್ದರೆ ಅಲ್ಲಿನ ತೇಲುಕದೊಳಗೆ ನೀರು ಹೋಗಿದೆ. ಎಲ್ಲ ಕಡೆ ಒಂದೇ ಥರ ಭಾರ ಬಂದಿದ್ದರೆ ಫೋಮೇ ನೀರು ಕುಡಿಯುವಂಥದ್ದು. ಸೋಫಾ ಕುಶನ್ನಿನ ಜಾತಿಯ, ರಂಧ್ರಗಳು ಒಂದಕ್ಕೊಂದು ಕೂಡಿರುವ ಫೋಮ್ ಈ ಕೆಲಸಕ್ಕೆ ಬರುವುದೇ ಇಲ್ಲ.

ಮೇಲೆ ಚೆನ್ನಾಗಿ ತೇಲುತ್ತದೆ, ಆಳದಲ್ಲಿ ಮುಳುಗುತ್ತದೆ

ತುಂಬ ಸಲ ತಪ್ಪು ದಾರಿ ಹಿಡಿಸುವುದು ಈ ದೋಷವೇ. ಡ್ರಮ್ಮಿನಲ್ಲಿ ಎಲ್ಲ ಸರಿ ಇರುತ್ತದೆ. ಬಾವಿಯಲ್ಲಿ 8-10 ಮೀಟರ್ ಇಳಿದ ಮೇಲೆ ವಾಹನ ತಾನಾಗಿಯೇ ಕೆಳಕ್ಕೆ ಜಗ್ಗತೊಡಗುತ್ತದೆ. ಮೇಲೆ ಬಂದರೆ ಮತ್ತೆ ಸರಿ. ಮೇಲೇರಿಸುವ ಥ್ರಸ್ಟರ್ (ವಾಹನವನ್ನು ತಳ್ಳುವ ಮೋಟಾರು-ಪ್ರೊಪೆಲ್ಲರ್) ಸೋತಿದೆ ಎಂದುಕೊಂಡು ಬದಲಾಯಿಸಿದವರಿದ್ದಾರೆ.

ಕಾರಣ ಒತ್ತಡ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟು. ಕಟ್ಟಡಗಳ ಸಂದಿ ತುಂಬಲು ಬಳಸುವ ಮೃದುವಾದ ಪಾಲಿಥೀನ್ ಫೋಮ್ ಸರಳು ಸುಲಭವಾಗಿ ಸಿಗುತ್ತದೆ, ನೀರನ್ನೂ ಕುಡಿಯುವುದಿಲ್ಲ. 6 ಮಿ.ಮೀ. ದಪ್ಪದ್ದು ದಡದಲ್ಲಿ ಮೀಟರಿಗೆ 27 ಗ್ರಾಂ ತನಕ ಎತ್ತುತ್ತದೆ. ಆದರೆ ಅದರೊಳಗಿರುವುದು ಬಹುಪಾಲು ಗಾಳಿ. ಒತ್ತಡ ಬಿದ್ದಂತೆ ಕುಗ್ಗುತ್ತದೆ. ತೀರಾ ಮೆತ್ತಗಿನದ್ದಾದರೆ 10 ಮೀಟರಿಗೆ ಅರ್ಧದ ಹತ್ತಿರವೂ ಕುಗ್ಗಬಹುದು. ತಳ್ಳುವ ನೀರು ಕಡಿಮೆಯಾದರೆ ಎತ್ತುವ ಶಕ್ತಿಯೂ ಅಷ್ಟೇ ಕಡಿಮೆ.

ಇದನ್ನು ಮೇಜಿನ ಮೇಲೆಯೇ ನೋಡಬಹುದು. ಮೆಡಿಕಲ್ ಅಂಗಡಿಯಿಂದ 20 ಎಂ.ಎಲ್. ಸಿರಿಂಜ್ ತನ್ನಿ, ಸೂಜಿ ಬೇಡ. ಪಿಸ್ಟನ್ ತೆಗೆದು ಫೋಮಿನ ಕೆಲವು ತುಂಡುಗಳನ್ನು ಹಾಕಿ ನೀರು ತುಂಬಿ. ಪಿಸ್ಟನ್ ಹಾಕಿ, ತುದಿ ಮೇಲೆ ಮಾಡಿ ಗಾಳಿಯನ್ನೆಲ್ಲ ಹೊರಗೆ ತಳ್ಳಿ. ತುದಿಗೆ ಬಿಗಿಯಾದ ರಬ್ಬರ್ ಮುಚ್ಚಳ ಹಾಕಿ. ಈಗ ತುದಿ ಕೆಳಗೆ ಬರುವಂತೆ ತಕ್ಕಡಿಯ ಮೇಲೆ ನಿಲ್ಲಿಸಿ, ಪಿಸ್ಟನ್ನನ್ನು ಹೆಬ್ಬೆರಳಿನಿಂದ ಒತ್ತಿ. ಸಿರಿಂಜಿನ ಒಳ ವ್ಯಾಸ ಸುಮಾರು 2 ಸೆಂ.ಮೀ. ಆದ್ದರಿಂದ ತಕ್ಕಡಿ 3 ಕೆ.ಜಿ. ತೋರಿಸಿದಾಗ ಒಳಗಿನ ಒತ್ತಡ ಹೆಚ್ಚುಕಡಿಮೆ 10 ಮೀಟರ್ ಆಳದ್ದು. ನೀರು ಕುಗ್ಗುವುದಿಲ್ಲ. ಹಾಗಾಗಿ ಪಿಸ್ಟನ್ ಎಷ್ಟು ಎಂ.ಎಲ್. ಕೆಳಗಿಳಿಯಿತೋ ಅಷ್ಟು ಫೋಮ್ ಕುಗ್ಗಿದೆ. ತುಂಡು ಸಣ್ಣಗಾಗುವುದು ಕಣ್ಣಿಗೇ ಕಾಣುತ್ತದೆ. ಬೆರಳು ತೆಗೆದ ಮೇಲೆ ಅದು ಪೂರ್ತಿ ಹಿಂದಿನ ಗಾತ್ರಕ್ಕೆ ಬರುತ್ತದೆಯೇ ನೋಡಿ. ಬಾರದಿದ್ದರೆ ಪ್ರತಿ ಮುಳುಗಿಗೂ ನಿಮ್ಮ ಟೆದರ್ ಸ್ವಲ್ಪ ಸ್ವಲ್ಪ ಭಾರವಾಗುತ್ತಿದೆ ಎಂದರ್ಥ.

3-4 ಮೀಟರಿನ ಕೃಷಿ ಹೊಂಡಕ್ಕೆ ಮಾತ್ರ ಇಳಿಸುವವರಿಗೆ ಫೋಮ್ ಸಾಕು, ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಆಳಕ್ಕೆ ನಾನು ಸೂಚಿಸುವುದು ಮನೆಯ ಆರ್‌ಒ ನೀರಿನ ಫಿಲ್ಟರ್‌ಗೆ ಹಾಕುವ ಕಾಲು ಇಂಚಿನ ಪಾಲಿಥೀನ್ ಟ್ಯೂಬ್. ಗೋಡೆ ಸುಮಾರು 1 ಮಿ.ಮೀ. ದಪ್ಪ. 20-30 ಮೀಟರ್ ಆಳದ ಒತ್ತಡ ಅದಕ್ಕೆ ಲೆಕ್ಕವೇ ಅಲ್ಲ. ಎರಡೂ ತುದಿ ಮುಚ್ಚಿದ ಟ್ಯೂಬ್ ಮೀಟರಿಗೆ ಸುಮಾರು 15 ಗ್ರಾಂ ಎತ್ತುತ್ತದೆ. ನಮಗೆ ಬೇಕಿರುವುದು 7 ಗ್ರಾಂ. ಅಂದರೆ ಒಂದು ಮೀಟರ್ ಟೆದರ್‌ಗೆ ಅರ್ಧ ಮೀಟರ್ ಟ್ಯೂಬ್ ಸಾಕು.

ಅರ್ಧ ಮೀಟರನ್ನು ಒಂದೇ ತುಂಡಾಗಿ ಹಾಕಬೇಡಿ. 25 ಸೆಂ.ಮೀ.ನ ಎರಡು ತುಂಡು ಮಾಡಿ, ನಡುವೆ ಅಷ್ಟೇ ಜಾಗ ಬಿಡಿ. ಟ್ಯೂಬ್ ಗಡಸು. ಉದ್ದಕ್ಕೂ ಇದ್ದರೆ ಟೆದರ್ ಬಾಗದೆ ವಾಹನವನ್ನೇ ತಿರುಗಿಸುತ್ತದೆ. ಜಾಗ ಬಿಟ್ಟಲ್ಲಿ ಅದು ಬಾಗುತ್ತದೆ. ಒಂದು ತುಂಡಿಗೆ ನೀರು ಹೋದರೂ ಉಳಿದವು ತೇಲುತ್ತಿರುತ್ತವೆ. ತುದಿ ಮುಚ್ಚಲು ಲೈಟರಿನ ಬೆಂಕಿ ತೋರಿಸಿ, ಪಾಲಿಥೀನ್ ಗಾಜಿನ ಹಾಗೆ ತಿಳಿಯಾದ ಕೂಡಲೇ ಇಕ್ಕಳದಿಂದ ಅದುಮಿ ಹತ್ತು ಎಣಿಸುವ ತನಕ ಬಿಡಬೇಡಿ. ತಣ್ಣಗಾದ ಮೇಲೆ ಬಿಸಿನೀರಿನಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗುತ್ತದೆ, ಸೋರುವ ತುದಿಯಿಂದ ಗುಳ್ಳೆ ಬರುತ್ತದೆ. ಗುಳ್ಳೆ ಬಂದ ತುಂಡನ್ನು ತುದಿ ಕತ್ತರಿಸಿ ಮತ್ತೆ ಮುಚ್ಚಿ.

ಮಲ್ಪೆ, ಮಂಗಳೂರು ಕಡೆ ಇರುವವರಿಗೆ ಇನ್ನೊಂದು ದಾರಿ ಇದೆ. ಮೀನಿನ ಬಲೆಗೆ ಕಟ್ಟುವ ಸಣ್ಣ ಗಟ್ಟಿ ಬೆಂಡುಗಳನ್ನು ಸ್ಲೀವಿನ ಹೊರಗೆ ಪೋಣಿಸಬಹುದು. ಒತ್ತಡ ತಡೆಯುತ್ತವೆ. ಆದರೆ ಕಲ್ಲು, ಬೇರು ಇರುವ ಕಡೆ ಪ್ರತಿ ಬೆಂಡೂ ಸಿಕ್ಕಿಕೊಳ್ಳಲು ಒಂದು ಗಂಟು. ಬಾವಿಗೆ ಅದು ಬೇಡ.

ಮೂತಿ ಎತ್ತುತ್ತದೆ, ಒಂದೇ ಕಡೆ ತಿರುಗುತ್ತದೆ

ವಾಹನವನ್ನು ಅರ್ಧ ಮೀಟರ್ ನೀರಲ್ಲಿ ನಿಲ್ಲಿಸಿ. ವಾಹನದ ಹತ್ತಿರದ 3 ಮೀಟರ್ ಟೆದರನ್ನು ಗೆಳೆಯರೊಬ್ಬರು ನೀರಲ್ಲೇ ಸಡಿಲವಾಗಿ ಹಿಡಿಯಲಿ. ಆಗ ವಾಹನ ಮಟ್ಟಸವಾಗಿ ನಿಂತು, ಕೈಬಿಟ್ಟ ಕೂಡಲೇ ವಾಲಿದರೆ ತಪ್ಪು ಮೋಟಾರಿನದ್ದಲ್ಲ. ಹಿಂಬದಿ ಕೆಳಗೆ ಹೋದರೆ ಟೆದರ್ ಭಾರ. ಹಿಂಬದಿ ಮೇಲೆ ಬಂದರೆ ತೇಲುಕ ಜಾಸ್ತಿ. ಟೆದರ್ ಕಟ್ಟುವ ಜಾಗವನ್ನು ವಾಹನದ ತೂಕದ ನಡುವಿಗೆ ಆದಷ್ಟು ಹತ್ತಿರ ತನ್ನಿ. ತೀರಾ ಹಿಂದಿನ ಮೂಲೆಗೆ ಕಟ್ಟಿದರೆ ಸಣ್ಣ ಎಳೆತಕ್ಕೂ ಇಡೀ ವಾಹನ ಓಲಾಡುತ್ತದೆ.

ಒಂದೇ ಕಡೆ ತಿರುಗುತ್ತಿದ್ದರೆ ಟೆದರ್ ಸುತ್ತಿಟ್ಟ ರೀತಿ ನೋಡಿ. ಒಂದೇ ದಿಕ್ಕಿಗೆ ಸುತ್ತಿ, ಸುರುಳಿಯನ್ನು ಪಕ್ಕದಿಂದ ಎಳೆದು ಬಿಚ್ಚಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಒಳಗೆ ಉಳಿಯುತ್ತದೆ. ಎಂಟರ ಆಕಾರದಲ್ಲಿ ಸುತ್ತಿಡಿ, ಈ ತೊಂದರೆ ಬರುವುದಿಲ್ಲ.

ದೂರ ಹೋದಂತೆ ಎಳೆಯಲಾಗುತ್ತಿಲ್ಲ

ಇಲ್ಲಿ ದಪ್ಪವೇ ಶತ್ರು. 12 ಮಿ.ಮೀ. ದಪ್ಪದ ಟೆದರ್ 20 ಮೀಟರ್ ಉದ್ದಕ್ಕೆ ಅಡ್ಡಲಾಗಿ ನಿಂತು, ನೀರು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿದರೆ ಎಳೆತ ಸುಮಾರು 3.7 ಕೆ.ಜಿ. ಬರೀ ಕೇಬಲ್ ಆಗಿದ್ದರೆ 1.6 ಕೆ.ಜಿ. ಪಂಪಿನ ಮೋಟಾರಿನಿಂದ ಮಾಡಿದ ಥ್ರಸ್ಟರ್ ಇದಕ್ಕೆ ಸಾಲುವುದಿಲ್ಲ. ವೇಗ ಅರ್ಧಕ್ಕಿಳಿದರೆ ಎಳೆತ ಕಾಲು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಹರಿಯುವ ನೀರಲ್ಲಿ ಬೇಕಾದಷ್ಟೇ ಟೆದರ್ ಬಿಡಿ, ನಿಧಾನ ಓಡಿಸಿ. ಆರ್‌ಒವಿ ಮಾಡುವ ಬ್ಲೂ ರೊಬೊಟಿಕ್ಸ್ ಕಂಪನಿಯವರ ಫ್ಯಾಥಮ್ ಟೆದರ್ 7.6 ಮಿ.ಮೀ. ದಪ್ಪದಲ್ಲೇ 4 ಜೋಡಿ ತಂತಿ, ಕೆವ್ಲಾರ್ ಎಳೆ, ತೇಲುವ ಫೋಮ್ ಹೊದಿಕೆ ಎಲ್ಲವನ್ನೂ ಹಿಡಿಸುತ್ತದೆ. ದುಡ್ಡು ಕೊಡುವುದು ಮುಖ್ಯವಾಗಿ ಆ ತೆಳ್ಳಗಿನ ಮೈಗೇ. ನಿಂತ ನೀರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಎಳೆದಾಗ ವಿಡಿಯೊ ನಿಲ್ಲುತ್ತದೆ

ಪೊಳ್ಳು ಹೆಣಿಗೆಗೆ ಒಂದು ಗುಣವಿದೆ. ಒತ್ತಿದರೆ ಅಗಲವಾಗಿ ಗಿಡ್ಡವಾಗುತ್ತದೆ, ಎಳೆದರೆ ಸಣ್ಣಗಾಗಿ ಉದ್ದವಾಗುತ್ತದೆ. ಕೇಬಲ್ ತೂರಿಸುವಾಗ ಸ್ಲೀವನ್ನು ಒತ್ತಿ ಮುದುಡಿಸಿಕೊಂಡೇ ಹೋಗಬೇಕು. ಅದೇ ಮುದುಡಿದ ಸ್ಥಿತಿಯಲ್ಲಿ ಎರಡೂ ತುದಿ ಕಟ್ಟಿಬಿಟ್ಟರೆ ತೊಂದರೆ ಶುರು. ಮುಂದೆ ಎಳೆತ ಬಿದ್ದಾಗ ಸ್ಲೀವ್ ಉದ್ದವಾಗುತ್ತದೆ, ಕೇಬಲ್ ಆಗುವುದಿಲ್ಲ. ಭಾರವೆಲ್ಲ ತಾಮ್ರದ ಮೇಲೆ, ಕೊನೆಗೆ ಕನೆಕ್ಟರಿನ ಮೇಲೆ ಬೀಳುತ್ತದೆ.

ಪರೀಕ್ಷೆ ಸುಲಭ. ವಾಹನದ ಕಡೆಯ ಸ್ಲೀವನ್ನು ಕೊಕ್ಕೆಗೆ ಹಾಕಿ, 2 ಮೀಟರ್ ಕೆಳಗೆ ಸ್ಲೀವಿಗೆ 5 ಕೆ.ಜಿ. ತೂಗುಹಾಕಿ. ಕನೆಕ್ಟರಿನ ಹತ್ತಿರದ ಕೇಬಲ್ ತುಂಡನ್ನು ಬೆರಳಲ್ಲಿ ಮುಟ್ಟಿ ನೋಡಿ. ಅದು ಬಿಗಿಯಾಗಿದ್ದರೆ ಸ್ಲೀವ್ ತನ್ನ ಕೆಲಸ ಮಾಡುತ್ತಿಲ್ಲ. ಕಟ್ಟು ಬಿಚ್ಚಿ, ಸ್ಲೀವನ್ನು ಚೆನ್ನಾಗಿ ಎಳೆದು ಉದ್ದ ಮಾಡಿ, ಕೇಬಲ್ ಒಳಗೆ 100ಕ್ಕೆ 2-3 ಭಾಗ ಹೆಚ್ಚು ಉದ್ದ ಇರುವಂತೆ ಬಿಟ್ಟು ಮತ್ತೆ ಕಟ್ಟಿ.

ಗಂಟು ಹಾಕಬೇಡಿ, ಒಳಗಿನ ಕೇಬಲ್ ಜಜ್ಜುತ್ತದೆ. ತುದಿಯಿಂದ ಅರ್ಧ ಮೀಟರ್ ಹಿಂದೆ ದಪ್ಪ ಸೂಜಿಯಿಂದ ಹೆಣಿಗೆಯ ಎಳೆಗಳನ್ನು ಸರಿಸಿ ಒಂದು ಬಾಯಿ ಮಾಡಿ, ಎಳೆ ಕತ್ತರಿಸಬಾರದು. ಕೇಬಲನ್ನು ಅಲ್ಲಿಂದ ಹೊರತೆಗೆಯಿರಿ. ಖಾಲಿಯಾದ ಸ್ಲೀವಿನ ಬಾಲವನ್ನು ಚೌಕಟ್ಟಿನ ಕಂಬಿಗೆ ಬಳಸಿ, ಅದರ ಮೈಯೊಳಗೇ ಒಂದು ಗೇಣು ತೂರಿಸಿ ದಾರದಿಂದ ಹೊಲಿಯಿರಿ. ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನ ಬಾಲವನ್ನು ಬಿಗಿಯಾಗಿ ಹಿಡಿಯುತ್ತದೆ.

ತಂತಿ ಈಗಾಗಲೇ ತುಂಡಾಗಿದೆಯೇ ಎಂದು ತಿಳಿಯಲು ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು, ಆಚೆ ತುದಿಯಲ್ಲಿ ಜೋಡಿಯನ್ನು ಸೇರಿಸಿ, ಕನೆಕ್ಟರಿನ ಹಿಂದಿನ ಒಂದು ಗೇಣು ಕೇಬಲನ್ನು ನಿಧಾನವಾಗಿ ಬಾಗಿಸಿ. ಬೀಪ್ ತಡವರಿಸಿದ ಜಾಗದಲ್ಲೇ ದೋಷ. ನೆಟ್‌ವರ್ಕ್ ಲಿಂಕ್ ವೇಗ 1000 ಎಂಬಿಪಿಎಸ್‌ನಿಂದ 100ಕ್ಕೆ ಇಳಿದಿದ್ದರೂ ಒಂದು ಜೋಡಿ ಹೋಗಿರುವ ಅನುಮಾನ ಇರಲಿ. 1000ಕ್ಕೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು.

ವಾಹನದಲ್ಲಿ ಬ್ಯಾಟರಿ ಇಡದೆ ಟೆದರ್‌ನಲ್ಲೇ ಕರೆಂಟು ಕಳಿಸುತ್ತಿದ್ದು, ಎಳೆತ ಇಲ್ಲದಿದ್ದಾಗಲೂ ಥ್ರಾಟಲ್ ಕೊಟ್ಟಾಗ (ಮೋಟಾರಿನ ವೇಗ ಏರಿಸಿದಾಗ) ಮಾತ್ರ ವಿಡಿಯೊ ಹೋದರೆ ಅದು ವೋಲ್ಟೇಜ್ ಬೀಳುತ್ತಿರುವುದು. 24 ಗೇಜಿನ ತಾಮ್ರದ ತಂತಿ ಹೋಗಿಬರುವ 60 ಮೀಟರಿಗೆ ಸುಮಾರು 5 ಓಮ್. 1 ಆಂಪಿಯರ್ ಹರಿದರೆ 12 ವೋಲ್ಟಿನಲ್ಲಿ 5 ವೋಲ್ಟ್ ದಾರಿಯಲ್ಲೇ ಹೋಯಿತು. ನೆಟ್‌ವರ್ಕ್ ಕೇಬಲಿನಲ್ಲಿ ಮೋಟಾರಿಗೆ ಕರೆಂಟು ಕಳಿಸುವ ಆಸೆ ಬಿಡಿ.

ಸೀಲ್ ಸರಿಯಿದೆ, ಆದರೂ ಡಬ್ಬಿಯಲ್ಲಿ ನೀರು

ಡಬ್ಬಿಯ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಬದಲಾಯಿಸುವ ಮೊದಲು ಕೇಬಲಿನ ಹೊದಿಕೆ ನೋಡಿ. ನೆಟ್‌ವರ್ಕ್ ಕೇಬಲಿನ ಒಳಗೆ ತಂತಿಗಳ ನಡುವೆ ಖಾಲಿ ಜಾಗವಿದೆ. ಹೊದಿಕೆಯಲ್ಲಿ ಎಲ್ಲೋ ಒಂದು ಸಣ್ಣ ಸೀಳಿದ್ದರೂ ಆಳದ ಒತ್ತಡ ನೀರನ್ನು ಆ ಜಾಗದಲ್ಲೇ ನೂಕಿಕೊಂಡು ಡಬ್ಬಿಗೆ ತಂದು ಬಿಡುತ್ತದೆ. ಡಬ್ಬಿಯೊಳಗೆ ಕೇಬಲಿನ ಬಾಯಿಯ ಕೆಳಗೇ ತೇವ ಇದ್ದರೆ, ಓ-ರಿಂಗಿನ ಸುತ್ತ ಒಣಗಿದ್ದರೆ, ಬಹುಮಟ್ಟಿಗೆ ಇದೇ ಕಾರಣ.

ಸೀಳು ಹುಡುಕಲು ಕೇಬಲಿನ ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಟ್ಯೂಬ್ ಬಿಗಿದು ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆಯಿರಿ. ಟೆದರನ್ನು ಬಕೆಟಿನ ನೀರಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಯಿಸಿ. ಗುಳ್ಳೆ ಬಂದಲ್ಲಿ ಸ್ಲೀವಿನ ಮೇಲೆ ಬಣ್ಣದ ದಾರ ಕಟ್ಟಿ. ಗಾಳಿ ಸ್ಲೀವಿನೊಳಗೆ ಸ್ವಲ್ಪ ಹರಿದು ಪಕ್ಕದಲ್ಲಿ ಹೊರಬರಬಹುದು. ಹಾಗಾಗಿ ಒಂದು ಮೊಳ ಆಚೀಚೆಯೂ ನೋಡಬೇಕು.

ಸೀಳಿಗೆ ಇನ್ಸುಲೇಶನ್ ಟೇಪ್ ಮಾತ್ರ ಸುತ್ತಿದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಬೋರ್‌ವೆಲ್ ಮೋಟಾರಿನ ಕೇಬಲ್ ಜಾಯಿಂಟ್ ಮಾಡುವವರ ಕೆಲಸ ಗಮನಿಸಿ. ಮೊದಲು ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತುತ್ತಾರೆ, ಅದರ ಮೇಲೆ ಪಿವಿಸಿ ಟೇಪ್. ಹಾಗೇ ಮಾಡಿ. ಆದರೆ ಶಾಶ್ವತ ಪರಿಹಾರ ಇರುವುದು ಡಬ್ಬಿಯ ಬಾಯಿಯಲ್ಲಿ. ಅಲ್ಲಿ ಹೊರ ಹೊದಿಕೆಯನ್ನು 3 ಸೆಂ.ಮೀ. ಬಿಡಿಸಿ, ಎಂಟೂ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ತುಂಬಿ. ಪ್ರತಿ ತಂತಿಯ ಸುತ್ತಲೂ ಅಂಟು ಹರಿದಿರಬೇಕು. ಆಮೇಲೆ ಹೊದಿಕೆ ಹರಿದರೂ ನೀರು ಅಲ್ಲಿಗೇ ನಿಲ್ಲುತ್ತದೆ. ಒಳಗೆ ಎಳೆ ಎಳೆ ಇರುವ ಪ್ಯಾಚ್ ಕೇಬಲ್ ಆಗಿದ್ದರೆ ಎಳೆಗಳ ನಡುವೆಯೂ ನೀರು ಹಾಯುತ್ತದೆ. ಅಂಟಿನೊಳಗೆ ಬರುವ ಕಡೆ ಪ್ರತಿ ತಂತಿಯ ಇನ್ಸುಲೇಶನನ್ನು 5 ಮಿ.ಮೀ. ತೆಗೆದು ಸೋಲ್ಡರ್ ಇಳಿಸಿ.

ಕೆರೆಯಲ್ಲಿ ಸರಿ, ಸಮುದ್ರದಲ್ಲಿ ವಿಪರೀತ ತೇಲುತ್ತದೆ

ಇದು ದೋಷವಲ್ಲ. ಉಪ್ಪುನೀರು ಸಿಹಿನೀರಿಗಿಂತ 100ಕ್ಕೆ ಎರಡೂವರೆ ಭಾಗ ಹೆಚ್ಚು ಭಾರ. ಮೇಲೆ ಹೇಳಿದ ಟೆದರ್ ಮೀಟರಿಗೆ 80 ಎಂ.ಎಲ್. ನೀರು ತಳ್ಳುತ್ತದೆ, ಅಲ್ಲಿ 2 ಗ್ರಾಂ ಹೆಚ್ಚು ಎತ್ತುತ್ತದೆ. 30 ಮೀಟರಿಗೆ 60 ಗ್ರಾಂ. ಟ್ಯೂಬ್ ತೆಗೆಯಲು ಹೋಗಬೇಡಿ. ಬಲೆಗೆ ಹಾಕುವ ಸೀಸದ ಗುಂಡುಗಳನ್ನು 3 ಮೀಟರಿಗೆ ಸುಮಾರು 6 ಗ್ರಾಂನಂತೆ ಸ್ಲೀವಿಗೆ ದಾರದಲ್ಲಿ ಹೊಲಿದುಕೊಳ್ಳಿ. ವಾಹನದ ಹತ್ತಿರದ 3 ಮೀಟರ್ ಬಿಟ್ಟು ಉಳಿದ ಕಡೆ ಹಾಕಿ. ಅಲ್ಲಿ ಸ್ವಲ್ಪ ತೇಲುತ್ತಿದ್ದರೆ ಟೆದರ್ ಬಂಡೆಯಿಂದ ಮೇಲೆ ನಿಲ್ಲುತ್ತದೆ. ದೋಣಿಗಳು ಓಡಾಡುವ ಅಳಿವೆಯಲ್ಲಂತೂ ದಡದ ಕಡೆಯ ಭಾಗ ನೀರಿನ ಮೇಲೆ ಹರಡಿರಬಾರದು, ಪ್ರೊಪೆಲ್ಲರಿಗೆ ಸಿಕ್ಕರೆ ಕ್ಷಣದಲ್ಲಿ ತುಂಡು. ಅಲ್ಲಿ ಸೀಸ ಒಂದಿಷ್ಟು ಜಾಸ್ತಿಯೇ ಇರಲಿ. ಮನೆಗೆ ಬಂದ ಮೇಲೆ ಟೆದರನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಒಂದು ಗಂಟೆ ಬಿಟ್ಟು, ನೆರಳಲ್ಲಿ ಒಣಗಿಸಿ. ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.